ಮೆಕ್ಸಿಕೊದ ಕಾದಂಬರಿಗಳಲ್ಲಿ ನಿಜದ ಮನುಷ್ಯರು: ಯಾವ ಮಾತು ಯಾರದು?

ಮೆಕ್ಸಿಕೊದ ಇತಿಹಾಸವನ್ನು ಕಾದಂಬರಿಗಳ ಮೂಲಕ ಓದಲು ಹೊರಟವರಿಗೆ ಬೇಗನೆ ಒಂದು ತೊಡಕು ಎದುರಾಗುತ್ತದೆ. ಚಕ್ರವರ್ತಿನಿ ಕಾರ್ಲೋಟಾ ಹೀಗಂದಳು, ಕ್ರಾಂತಿಯ ಮುಂದಾಳು ಪಾಂಚೊ ವಿಯಾ ಹಾಗಂದ ಎಂದು ನೆನಪಿನಲ್ಲಿ ಉಳಿದ ಮಾತು ದಾಖಲೆಯಲ್ಲಿ ಇದ್ದದ್ದೋ, ಕಾದಂಬರಿಕಾರರು ಆಡಿಸಿದ್ದೋ ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಕಾದಂಬರಿ ಬರೆದವರೇ ಯುದ್ಧಕ್ಕೂ ಹೋಗಿ, ಆಮೇಲೆ ದೇಶದ ಚರಿತ್ರೆಯನ್ನೂ ಬರೆದಿರುವ ನಾಡು ಅದು. ಗೋಜಲು ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತ ಹೋದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

1826ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೇಖಕರ ಹೆಸರಿಲ್ಲದ ಒಂದು ಸ್ಪ್ಯಾನಿಷ್ ಕಾದಂಬರಿ ಅಚ್ಚಾಯಿತು. ಸ್ಪ್ಯಾನಿಷ್ ಅಮೆರಿಕದ ಮೊದಲ ಐತಿಹಾಸಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತಾರೆ. ಬರೆದವರು ಯಾರೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಮೆಕ್ಸಿಕೊ ಸ್ವತಂತ್ರವಾಗಿ ಆಗ ಐದೇ ವರ್ಷ. ಹಾಗಾಗಿ ಪಾತ್ರ ಹಂಚಿಕೆಯೂ ಸ್ಪಷ್ಟ: ಮೂಲನಿವಾಸಿಗಳ ರಾಜ್ಯವಾದ ತ್ಲಾಶ್ಕಾಲಾದ ಯುವ ದಂಡನಾಯಕ ಶಿಕೊಟೆಂಕಾಟ್ಲ್ ವೀರ, ಮೆಕ್ಸಿಕೊವನ್ನು ಗೆದ್ದ ಸ್ಪೇನಿನ ದಂಡಾಳು ಎರ್ನಾನ್ ಕೊರ್ತೆಸ್ ದುಷ್ಟ. ಕೊರ್ತೆಸ್‌ನ ಜೊತೆಗಿದ್ದ ಮಾಲಿಂಟ್ಸಿನ್‌ಗೆ ದ್ರೋಹದ ಬಣ್ಣ.

ಮಾಲಿಂಟ್ಸಿನ್ ತನ್ನ ಕೈಯಾರೆ ಬರೆದ ಒಂದು ಸಾಲೂ ನಮಗೆ ಉಳಿದಿಲ್ಲ. 1519ರಲ್ಲಿ ತಬಾಸ್ಕೊದಲ್ಲಿ ಸೋತವರು ಗೆದ್ದವರಿಗೆ ಒಪ್ಪಿಸಿದ ಇಪ್ಪತ್ತು ಹೆಂಗಸರಲ್ಲಿ ಆಕೆಯೂ ಒಬ್ಬಳು. ನಾವಾಟ್ಲ್ ಮತ್ತು ಮಾಯಾ ಎರಡೂ ಭಾಷೆ ಬಲ್ಲವಳಾದ್ದರಿಂದ ದುಭಾಷಿಯಾದಳು. ಆಕೆಯ ಬಗ್ಗೆ ಹೆಚ್ಚು ವಿವರ ಕೊಡುವವನು ಕೊರ್ತೆಸ್‌ನ ದಂಡಿನಲ್ಲಿದ್ದ ಬರ್ನಾಲ್ ಡಿಯಾಸ್. ಆತ ಅದನ್ನು ಬರೆದದ್ದು ಮುಪ್ಪಿನಲ್ಲಿ, ಅದು ಅಚ್ಚಾದದ್ದು 1632ರಲ್ಲಿ. ಪರದೇಶದ್ದಕ್ಕೆ ಮರುಳಾಗುವವರನ್ನು ಬೈಯಲು ಮೆಕ್ಸಿಕೊದವರು ಇಂದಿಗೂ ‘ಮಾಲಿಂಚಿಸ್ತಾ’ ಅನ್ನುತ್ತಾರೆ. ಯುದ್ಧದಲ್ಲಿ ಕೈಗೆ ಸಿಕ್ಕಿ ದಾನವಾಗಿ ಹೋದ ಹುಡುಗಿಗೆ ಯಾರಿಗೆ ನಿಷ್ಠೆ ತೋರಿಸುವ ಅವಕಾಶವಿತ್ತು ಎಂಬ ಪ್ರಶ್ನೆಯನ್ನು ಕಾದಂಬರಿಗಳು ಕೇಳಿದ್ದು ಬಹಳ ತಡವಾಗಿ.

ಈ ಕಥೆಯ ನಿಜವಾದ ಗಂಟು ಬಿದ್ದದ್ದು 1860ರ ದಶಕದಲ್ಲಿ. ಫ್ರಾನ್ಸ್ ಮೆಕ್ಸಿಕೊಗೆ ಸೈನ್ಯ ಕಳಿಸಿತು. ಅಲ್ಲಿನ ಸಂಪ್ರದಾಯವಾದಿಗಳ ಒತ್ತಾಸೆಯಿಂದ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ ಹೆಂಡತಿ ಕಾರ್ಲೋಟಾಳೊಂದಿಗೆ 1864ರಲ್ಲಿ ಚಕ್ರವರ್ತಿಯಾಗಿ ಬಂದಿಳಿದ. ಬೆನಿಟೊ ಹುವಾರೆಸ್ ಮುಂದಾಳುತನದ ಗಣರಾಜ್ಯದ ಪಡೆ ಮಣಿಯಲಿಲ್ಲ. 1867ರ ಜೂನ್ 19ರಂದು ಕೆರೆತಾರೊ ಊರಿನ ಗುಡ್ಡದ ಮೇಲೆ ಮ್ಯಾಕ್ಸಿಮಿಲಿಯನ್‌ನನ್ನು ಗುಂಡಿಟ್ಟು ಕೊಂದರು. ಆತನನ್ನು ಮೆಕ್ಸಿಕೊಗೆ ತಂದಿದ್ದ ನೊವಾರಾ ಹಡಗೇ ಹೆಣವನ್ನೂ ಹೊತ್ತೊಯ್ದಿತು. ವಿಯೆನ್ನಾದಲ್ಲಿ ಅಂತ್ಯಕ್ರಿಯೆ ನಡೆದದ್ದು 1868ರ ಜನವರಿಯಲ್ಲಿ. ಅದೇ ವರ್ಷ ಆ ಗುಡ್ಡದ ಹೆಸರನ್ನೇ ಹೊತ್ತ ಕಾದಂಬರಿ ಮೆಕ್ಸಿಕೊದಲ್ಲಿ ಬಂತು. ಸಾವಿನ ಮರುವರ್ಷವೇ ಸಂಭಾಷಣೆಗಳು ಅಚ್ಚಾಗಿದ್ದವು.

ಆ ಕಾಲದ ಮುಖ್ಯ ಹೆಸರು ವಿಸೆಂಟೆ ರಿವಾ ಪಲಾಸಿಯೊ. ದೇಶದ ಎರಡನೇ ಅಧ್ಯಕ್ಷ ವಿಸೆಂಟೆ ಗೆರೆರೊನ ಮೊಮ್ಮಗ, ಗಣರಾಜ್ಯದ ಸೇನೆಯ ಜನರಲ್, ಕೆರೆತಾರೊಗೆ ಮುತ್ತಿಗೆ ಹಾಕಿದವರಲ್ಲಿ ಒಬ್ಬರು. ಅವರ ತಂದೆ ಮರಿಯಾನೊ ವಕೀಲರು. ಸೆರೆಸಿಕ್ಕ ಮ್ಯಾಕ್ಸಿಮಿಲಿಯನ್‌ನ ಪರವಾಗಿ ನಿಂತ ವಕೀಲರಲ್ಲಿ ಅವರೂ ಇದ್ದರು. ಮಗ ಮುತ್ತಿಗೆಯಲ್ಲಿ, ಅಪ್ಪ ಪ್ರತಿವಾದದಲ್ಲಿ! ಇದನ್ನು ಯಾರಾದರೂ ಕಾದಂಬರಿಯಲ್ಲಿ ಕಟ್ಟಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಕಾರ್ಲೋಟಾ ಯುರೋಪಿಗೆ ಹೊರಟಾಗ ಹುಟ್ಟಿಕೊಂಡು ಸೈನಿಕರ ಬಾಯಲ್ಲಿ ಹರಡಿದ ಲೇವಡಿಯ ಹಾಡೂ ಅವರದೇ.

ಯುದ್ಧಕ್ಕೂ ಮುಂಚೆಯೇ ಹುವಾರೆಸ್ ಸರ್ಕಾರ ಹಳೆಯ ಇನ್‌ಕ್ವಿಸಿಷನ್ನಿನ, ಅಂದರೆ ಚರ್ಚಿನ ಧರ್ಮವಿಚಾರಣೆಯ ಕಡತಗಳನ್ನು ಪ್ರಕಟಿಸಲೆಂದು ರಿವಾ ಪಲಾಸಿಯೊ ಅವರ ಕೈಗೆ ಒಪ್ಪಿಸಿತ್ತು. ಅವು ಬಹುಕಾಲ ಅವರ ಸುಪರ್ದಿಯಲ್ಲೇ ಉಳಿದವು. ಆ ಕಡತಗಳಿಂದ ಒಂದರ ಹಿಂದೊಂದು ಕಾದಂಬರಿ ಹೊರಟವು: ಚಿತ್ರಹಿಂಸೆಯ ಕೋಣೆ, ಮುಖವಾಡ, ಓಡಿಹೋದ ಸನ್ಯಾಸಿನಿ. ಚಕ್ರವರ್ತಿಯನ್ನು ಕರೆತಂದವರಿಗೆ ಚರ್ಚಿನ ಬೆಂಬಲವಿತ್ತು. ಚರ್ಚಿನ ಹಳೆಯ ಕ್ರೌರ್ಯವನ್ನು ಓದುಗರ ಮುಂದೆ ಹರಡುವುದು ಗೆದ್ದ ಪಕ್ಷಕ್ಕೆ ಬೇಕಾಗಿತ್ತು.

1872ರ ಅವರ ಕಾದಂಬರಿಯ ನಾಯಕ ಗಿಯೆನ್ ದೆ ಲಂಪಾರ್ಟ್ ನಿಜವಾಗಿ ಬದುಕಿದ್ದವನು. ಐರ್ಲೆಂಡಿನ ವೆಕ್ಸ್‌ಫರ್ಡ್‌ನವನು. ಮೆಕ್ಸಿಕೊಗೆ ತಾನೇ ರಾಜನಾಗುವ ಸಂಚು ಹೂಡಿದನೆಂದು 1642ರಲ್ಲಿ ಸೆರೆಯಾದ. 1650ರ ಕ್ರಿಸ್‌ಮಸ್ ಹೊತ್ತಿಗೆ ಜೈಲಿನಿಂದ ತಪ್ಪಿಸಿಕೊಂಡ. ಹಾಗೆ ಹೊರಬಿದ್ದವನು ಊರುಬಿಟ್ಟು ಓಡಲಿಲ್ಲ. ಆ ರಾತ್ರಿ ನಗರದಲ್ಲಿ ತಿರುಗಿ ವಿಚಾರಣಾಧಿಕಾರಿಗಳ ಅಕ್ರಮಗಳನ್ನು ಬರೆದ ಹಾಳೆಗಳನ್ನು ಗೋಡೆಗಳಿಗೆ ಅಂಟಿಸಿದ. ಮತ್ತೆ ಸಿಕ್ಕಿಬಿದ್ದ. ಕತ್ತಲ ಕೋಣೆಯಲ್ಲಿ ಹಾಸಿಗೆಯ ಬಟ್ಟೆಯ ಮೇಲೆ ಲ್ಯಾಟಿನ್‌ನಲ್ಲಿ ಸ್ತೋತ್ರಗಳನ್ನು ಬರೆದ. 1659ರಲ್ಲಿ ಸುಟ್ಟುಬಿಟ್ಟರು. ಮೆಕ್ಸಿಕೊ ನಗರದ ಸ್ವಾತಂತ್ರ್ಯ ಸ್ತಂಭದ ಬುಡದಲ್ಲಿ, ದೇಶದ ವೀರರ ಅಸ್ಥಿಗಳಿರುವ ಜಾಗದಲ್ಲಿ, ಆತನ ಪ್ರತಿಮೆ ಇದೆ. ಕಡತದಲ್ಲಿ ಮಲಗಿದ್ದವನು ಕಾದಂಬರಿಯ ಮೂಲಕವೇ ಜನರ ನಡುವೆ ಎದ್ದುಬಂದ.

ಮುಂದೆ 1884ರಿಂದ 1889ರವರೆಗೆ ದೇಶದ ಚರಿತ್ರೆಯನ್ನು ಐದು ದೊಡ್ಡ ಸಂಪುಟಗಳಲ್ಲಿ ಹೊರತಂದಾಗ ಅದರ ಮೇಲ್ವಿಚಾರಣೆಯೂ ಇದೇ ರಿವಾ ಪಲಾಸಿಯೊ ಅವರದು. ವಸಾಹತು ಕಾಲದ ಸಂಪುಟವನ್ನು ಅವರೇ ಬರೆದರು. ಕಾದಂಬರಿಯ ಇನ್‌ಕ್ವಿಸಿಷನ್ ಮತ್ತು ಚರಿತ್ರೆಯ ಇನ್‌ಕ್ವಿಸಿಷನ್ ಒಂದೇ ಮೇಜಿನ ಮೇಲೆ ಹುಟ್ಟಿದವು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅವರು ಮುಟ್ಟದಿದ್ದರೆ ಆ ಕಡತಗಳಿಗೆ ಅಷ್ಟು ಓದುಗರು ಸಿಗುತ್ತಿರಲಿಲ್ಲ. ಆದರೆ ಗೋಜಲು ಗಟ್ಟಿಯಾದದ್ದು ಅಲ್ಲೇ.

1910ರ ಕ್ರಾಂತಿಯ ನಂತರ ರೀತಿ ತಿರುಗುಮುರುಗಾಯಿತು. ಅಧಿಕಾರದಲ್ಲಿದ್ದವರ ಬಗ್ಗೆ ಬರೆಯುವಾಗ ಹೆಸರು ಬದಲಿಸಬೇಕಿತ್ತು. ಮಾರ್ಟಿನ್ ಲೂಯಿಸ್ ಗುಸ್ಮಾನ್ 1929ರಲ್ಲಿ ಹಾಗೆ ಹೆಸರು ಮರೆಸಿ ಬರೆದ ಕಾದಂಬರಿ 1960ರಲ್ಲಿ ಸಿನಿಮಾ ಆಯಿತು, ಅದು ಸಾರ್ವಜನಿಕ ಪ್ರದರ್ಶನ ಕಂಡದ್ದು 1990ರಲ್ಲಿ. ಅವರೇ 1923ರಲ್ಲಿ ಹತನಾದ ವಿಯಾನ ಹೆಸರನ್ನು ಹಾಗೇ ಇಟ್ಟುಕೊಂಡು, ‘ನಾನು’ ಎಂದು ಆತನ ಬಾಯಿಂದಲೇ ಕಥೆ ಹೇಳಿಸಿದರು. ಹೆಸರು ಮರೆಸಿದ ಪುಸ್ತಕ ನಡೆದ ಘಟನೆಗೆ ಹತ್ತಿರ, ನಿಜ ಹೆಸರಿನ ಪುಸ್ತಕದಲ್ಲಿ ದನಿ ಅರ್ಧ ಲೇಖಕರದು.

1987ರಲ್ಲಿ ಫರ್ನಾಂಡೊ ದೆಲ್ ಪಾಸೊ ಮತ್ತೆ ಮ್ಯಾಕ್ಸಿಮಿಲಿಯನ್ ಕಾಲಕ್ಕೆ ಮರಳಿದರು. ಬೆಲ್ಜಿಯಮ್ಮಿನ ಕೋಟೆಯಲ್ಲಿ 1927ರಲ್ಲಿ, 86ರ ವಯಸ್ಸಿನಲ್ಲಿ, ಸಾಯುವ ಮುನ್ನ ಬುದ್ಧಿ ಕದಡಿದ ಕಾರ್ಲೋಟಾ ಗಂಡನೊಡನೆ ಮಾತಾಡುತ್ತಾಳೆ; ಗಂಡ ಸತ್ತು 60 ವರ್ಷ ಕಳೆದಿದೆ. ಇಂಗ್ಲಿಷ್ ಅನುವಾದದಲ್ಲಿ ಓದಿದಾಗಲೂ ಆ ಮಾತಿನ ಪ್ರವಾಹಕ್ಕೆ ಸಿಕ್ಕಿ ನಾನು ಬೇರೇನೂ ಮಾಡಲಾಗದೆ ಕೂತಿದ್ದೆ. ಒಂದೊಂದು ಅಧ್ಯಾಯ ಬಿಟ್ಟು ಒಂದರಲ್ಲಿ ದಾಖಲೆಗಳನ್ನು ಆಧರಿಸಿದ ನಿರೂಪಣೆಯೂ ಇದೆ. ಆದರೂ ಮುಗಿಸಿದ ಮೇಲೆ ಉಳಿಯುವುದು ಆ ಹುಚ್ಚಿಯ ದನಿಯೇ. ಗಂಡ ರಾಜಧಾನಿ ಬಿಟ್ಟು ಪ್ರವಾಸ ಹೋದಾಗ ಮಂತ್ರಿಮಂಡಲದ ಸಭೆ ನಡೆಸಿದ, 1865ರ ಕೊನೆಯಲ್ಲಿ ತಾನೊಬ್ಬಳೇ ಯುಕತಾನ್ ಪ್ರಾಂತ್ಯಕ್ಕೆ ಹೋಗಿಬಂದ, ಆಡಳಿತದ ಬಗ್ಗೆ ಪತ್ರಗಳನ್ನು ಬರೆದ ಇಪ್ಪತ್ತೈದರ ಹೆಣ್ಣು ಓದುಗರಿಗೆ ಅಷ್ಟಾಗಿ ನೆನಪಿನಲ್ಲಿ ಉಳಿಯುವುದಿಲ್ಲ. ಮಾಲಿಂಟ್ಸಿನ್‌ಗೂ ಹೀಗೇ ಆಯಿತು: ಆಕೆ ಮಾಡಿದ ಕೆಲಸ ಭಾಷಾಂತರ, ನೆನಪಿನಲ್ಲಿ ನಿಂತದ್ದು ಕೊರ್ತೆಸ್‌ನ ಜೊತೆಗಿನ ಸಂಬಂಧ.

ಇದು ಎದ್ದು ಕಾಣುವುದು ಆಂಜೆಲೀನಾ ಬೆಲೋಫ್ ವಿಷಯದಲ್ಲಿ. ಆಕೆ ರಷ್ಯಾದ ಚಿತ್ರಕಲಾವಿದೆ, ಪ್ಯಾರಿಸ್ಸಿನಲ್ಲಿ ಮೆಕ್ಸಿಕೊದ ಚಿತ್ರಕಲಾವಿದ ಡಿಯಾಗೊ ರಿವೇರಾ ಜೊತೆ ಸುಮಾರು ಹತ್ತು ವರ್ಷ ಬಾಳಿದವರು. ಅವರ ಮಗು ಎಳವೆಯಲ್ಲೇ ತೀರಿಕೊಂಡಿತು; 1921ರಲ್ಲಿ ರಿವೇರಾ ಮೆಕ್ಸಿಕೊಗೆ ಮರಳಿದರು, ಆಂಜೆಲೀನಾ ಪ್ಯಾರಿಸ್ಸಿನಲ್ಲೇ ಉಳಿದರು. ಮೆಕ್ಸಿಕೊದ ಲೇಖಕಿ ಎಲೆನಾ ಪೊನಿಯಾಟೊವ್‌ಸ್ಕಾ 1978ರಲ್ಲಿ ಆಕೆಯ ಪತ್ರಗಳೆಂಬಂತೆ ಒಂದು ಚಿಕ್ಕ ಪುಸ್ತಕ ಬರೆದರು. ಉತ್ತರ ಬರೆಯದ ಗಂಡಿಗೆ ಮತ್ತೆ ಮತ್ತೆ ಬರೆಯುವ ಹೆಂಡತಿ. ಅವುಗಳಲ್ಲಿ ಬಹುಪಾಲು ಕಲ್ಪಿತ. ರಿವೇರಾ ಜೀವನಚರಿತ್ರೆಯೊಂದರಲ್ಲಿ ಸಿಕ್ಕ ನಿಜವಾದ ಪತ್ರದ ಎಳೆ ಹಿಡಿದು ಕಟ್ಟಿದ್ದು. ಓದಿದರೆ ಎದೆ ಹಿಂಡುವ ಪುಸ್ತಕ. ಅವು ಆಂಜೆಲೀನಾ ಅವರೇ ಬರೆದ ಪತ್ರಗಳೆಂದು ನಂಬಿ ಓದುವವರೂ ಇದ್ದಾರೆ. ಆಕೆ ತಾವೇ ಬರೆದಿಟ್ಟಿದ್ದ ನೆನಪುಗಳು ಅಚ್ಚಾದದ್ದು ಅದಾಗಿ ಎಂಟು ವರ್ಷಕ್ಕೆ, 1986ರಲ್ಲಿ.

ಪತ್ರಗಳ ಆಂಜೆಲೀನಾ 1922ರ ಪ್ಯಾರಿಸ್ಸಿನಲ್ಲಿ, ಕಾಯುತ್ತಲೇ ನಿಂತುಬಿಡುತ್ತಾಳೆ. ನಿಜದ ಆಂಜೆಲೀನಾ 1932ರಲ್ಲಿ ಮೆಕ್ಸಿಕೊಗೆ ಬಂದರು. ಅಲ್ಲೇ ನೆಲೆಸಿ ಚಿತ್ರ ಬರೆದರು, ಮರದ ಪಡಿಯಚ್ಚು ಕೆತ್ತಿದರು, ಮಕ್ಕಳಿಗಾಗಿ ಗೊಂಬೆಯಾಟದ ಕೆಲಸ ಮಾಡಿದರು, ಗೊಂಬೆಯಾಟದ ಬಗ್ಗೆ 1945ರಲ್ಲಿ ಒಂದು ಪುಸ್ತಕವನ್ನೇ ಬರೆದರು. ತೀರಿಕೊಂಡದ್ದು 1969ರಲ್ಲಿ, ರಿವೇರಾ ಹೋದ ಹನ್ನೆರಡು ವರ್ಷಕ್ಕೆ.