ಹನ್ನೊಂದು ತಿಂಗಳ ವಾರಸುದಾರಳು

1333ನೇ ಇಸವಿಯ ಜೂನ್ 6ರ ಭಾನುವಾರ, ಐರ್ಲೆಂಡಿನ ಈಶಾನ್ಯ ಕರಾವಳಿಯ ಕ್ಯಾರಿಕ್‌ಫರ್ಗಸ್ ಕಡೆಗೆ ಹೊರಟಿದ್ದ ಇಪ್ಪತ್ತು ವರ್ಷದ ತರುಣನೊಬ್ಬನನ್ನು ಅವನ ಕಡೆಯವರೇ ದಾರಿಯಲ್ಲಿ ಕೊಂದುಹಾಕಿದರು. ಸತ್ತವನು ವಿಲಿಯಂ ಡಿ ಬರ್ಗ್. ಉತ್ತರದ ಅಲ್ಸ್ಟರ್‌ನ ಮೂರನೆಯ ಅರ್ಲ್ (ಇಂಗ್ಲೆಂಡಿನ ರಾಜ ಕೊಡುವ ಶ್ರೀಮಂತ ಪದವಿ), ಪಶ್ಚಿಮದ ಕೊನಾಕ್ಟ್‌ನ ಒಡೆಯ, ಕಾಗದದ ಮೇಲಾದರೂ ಆ ದ್ವೀಪದ ಅತಿ ದೊಡ್ಡ ಜಹಗೀರುದಾರರಲ್ಲಿ ಒಬ್ಬ. ಅವನ ಅಜ್ಜ ರಿಚರ್ಡ್ ‘ಕೆಂಪು ಅರ್ಲ್’ ಎಂದು ಹೆಸರಾಗಿದ್ದ. ಮೊಮ್ಮಗನನ್ನು ಜನ ‘ಕಂದು ಅರ್ಲ್’ ಎಂದು ಕರೆದರು. ಕೊಂದವರು ಇಂಗ್ಲಿಷರ ಮೇಲಿನ ಸೇಡಿಗೆ ಹೊಂಚು ಹಾಕಿದ್ದ ಐರಿಷರಲ್ಲ. ಅವರು ಮಾಂಡವಿಲ್, ಲೋಗನ್ ಮುಂತಾದ ಮನೆತನಗಳಿಗೆ ಸೇರಿದ, ಅರ್ಲನ ಕೈಕೆಳಗೆ ಭೂಮಿ ಹಿಡಿದಿದ್ದ ಇಂಗ್ಲಿಷ್ ವಲಸಿಗರು. ಈ ಸಂಚಿನ ಹಿಂದೆ ಇದ್ದವಳು ರಿಚರ್ಡ್ ಮಾಂಡವಿಲ್‌ನ ಹೆಂಡತಿ ಗೈಲ್ ಎಂಬ ಮಾತು ಪ್ರಚಲಿತವಾಗಿದೆ. ಆಕೆಯ ತವರುಮನೆಯೂ ಡಿ ಬರ್ಗ್ ವಂಶವೇ.

ಗೈಲ್‌ಳ ಸಿಟ್ಟಿಗೆ ಕಾರಣ ಸ್ಪಷ್ಟವಾಗಿತ್ತು. ಕೊನಾಕ್ಟ್‌ನ ಒಡೆತನವನ್ನು ತಾನೇ ಕೈಗೆತ್ತಿಕೊಳ್ಳಲು ಹೊರಟಿದ್ದ ಅವಳ ಅಣ್ಣ ವಾಲ್ಟರ್‌ನನ್ನು ಕಂದು ಅರ್ಲ್ 1331ರಲ್ಲಿ ಸೆರೆಹಿಡಿದು, ಇನಿಶೋವೆನ್ ಪರ್ಯಾಯದ್ವೀಪದ ತುದಿಯಲ್ಲಿ ತನ್ನ ಅಜ್ಜನೇ 1305ರಲ್ಲಿ ಕಟ್ಟಿಸಿದ್ದ ಕೋಟೆಯಲ್ಲಿಟ್ಟು, ಮರುವರ್ಷ ಅನ್ನನೀರು ಕೊಡದೆ ಸಾಯಿಸಿದ್ದ. ಅಲ್ಲಿಗೆ ಹತ್ತಿರದ ಡೆರಿ ನಗರದ ಲಾಂಛನದಲ್ಲಿ ಇವತ್ತಿಗೂ ಕಪ್ಪು ಹಿನ್ನೆಲೆಯ ಮೇಲೆ, ಪಾಚಿ ಹಿಡಿದ ಕಲ್ಲೊಂದರ ಮೇಲೆ ಕುಳಿತ ಚಿನ್ನದ ಬಣ್ಣದ ಅಸ್ಥಿಪಂಜರವೊಂದಿದೆ, ಪಕ್ಕದಲ್ಲೊಂದು ಕೋಟೆ. ಅದು ಹಸಿವಿನಿಂದ ಸತ್ತ ವಾಲ್ಟರ್‌ನದೇ ಎಂಬುದು ಜನಜನಿತವಾದ ನಂಬಿಕೆ. ಸಾಮಾನ್ಯವಾಗಿ ಸಿಂಹ, ಗರುಡಗಳನ್ನು ಹೊತ್ತು ಮೆರೆಯುವ ನಗರ ಲಾಂಛನಗಳ ನಡುವೆ ದಾಯಾದಿ ಕಲಹದ ಎಲುಬುಗೂಡನ್ನು ಹೊತ್ತ ಲಾಂಛನ ಅಪರೂಪದ್ದೇ ಸರಿ.

ದಾಯಾದಿ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ. ದಾಯ ಎಂದರೆ ಪಾಲು, ದಾಯಾದ ಎಂದರೆ ಪಾಲು ಪಡೆಯುವವನು. ಆದರೆ ಕನ್ನಡದ ಕಿವಿಗೆ ಆ ಪದ ಕೇಳಿದೊಡನೆ ಮತ್ಸರ ಎಂಬ ಇನ್ನೊಂದು ಪದವೂ ಜೊತೆಗೇ ಕೇಳಿಸುತ್ತದೆ. ಇಂಗ್ಲೆಂಡಿನ ಕಡೆಯಿಂದ ಬಂದು ಮಧ್ಯಯುಗದ ಐರ್ಲೆಂಡಿನಲ್ಲಿ ನೆಲೆಸಿದ ಆಂಗ್ಲೋ-ನಾರ್ಮನ್ ಮನೆತನಗಳ ಕಥೆಗೆ ಇದಕ್ಕಿಂತ ಒಪ್ಪುವ ಪದ ನನಗೆ ಹೊಳೆಯುವುದಿಲ್ಲ. ಹಳೆಯ ವೃತ್ತಾಂತಗಳು ಅಲ್ಲಿನ ಕೊಲೆಗಳನ್ನು ಅವಮಾನ ಮತ್ತು ಸೇಡಿನ ಭಾಷೆಯಲ್ಲೇ ಹೇಳುತ್ತವೆ. ಅವಮಾನಗಳಿಗೇನೂ ಕೊರತೆಯಿರಲಿಲ್ಲ: ಆರ್ನಲ್ಡ್ ಪೋಯರ್ ಎಂಬ ಗಣ್ಯ, ಮುಂದೆ ಡೆಸ್ಮಂಡ್‌ನ ಅರ್ಲ್ ಆದ ಮಾರಿಸ್ ಫಿಟ್ಜ್‌ಥಾಮಸ್‌ನನ್ನು ‘ಪದ ಕಟ್ಟುವವನು’ ಎಂದು ಜರೆದದ್ದು 1320ರ ದಶಕದ ಕೊನೆಯಲ್ಲಿ ದಕ್ಷಿಣ ಐರ್ಲೆಂಡನ್ನೇ ಹೊತ್ತಿಸಿದ ಜಗಳದ ಒಂದು ಕಿಡಿ. ಆದರೆ ಬೈಗುಳ ಎಲ್ಲ ದೇಶಗಳಲ್ಲೂ ಇರುತ್ತದೆ. ಈ ದ್ವೀಪದಲ್ಲಿ ಮಾತ್ರ ಅದು ತಲೆಮಾರುಗಳ ಕಾಳಗವಾಗಿ ಬೆಳೆದದ್ದೇಕೆ ಎಂದು ತಿಳಿಯಬೇಕಾದರೆ, ಒಡೆಯ ಸತ್ತಾಗ ಭೂಮಿ ಯಾರ ಕೈಗೆ ಹೋಗಬೇಕು ಎಂಬ ಒಣ ಪ್ರಶ್ನೆಯನ್ನು ಹಿಡಿದು ಹೊರಡಬೇಕಾಗುತ್ತದೆ.

ಆ ಪ್ರಶ್ನೆಗೆ ಐರ್ಲೆಂಡಿನಲ್ಲಿ ಎರಡು ಉತ್ತರಗಳಿದ್ದವು. ನಾರ್ಮನ್ನರ ಜೊತೆ ಬಂದ ಇಂಗ್ಲಿಷ್ ಕಾನೂನಿನ ಪ್ರಕಾರ ಭೂಮಿ ಹಿರಿಯ ಮಗನಿಗೆ ಸೇರಬೇಕು. ಗಂಡು ಸಂತಾನವಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ. ಸತ್ತವನಿಗೆ ತಮ್ಮಂದಿರು, ಚಿಕ್ಕಪ್ಪಂದಿರು ಎಷ್ಟೇ ಬಲಶಾಲಿಗಳಾಗಿದ್ದರೂ ಮಗಳಿರುವಾಗ ಅವರಿಗೆ ಏನೂ ಇಲ್ಲ. ಆಸ್ತಿ ನೇರವಾಗಿ ರಾಜನಿಂದ ಪಡೆದದ್ದಾಗಿದ್ದರೆ, ಅಪ್ರಾಪ್ತ ವಯಸ್ಸಿನ ವಾರಸುದಾರರ ಪೋಷಣೆಯೂ ಅವರ ಮದುವೆಯನ್ನು ಗೊತ್ತುಮಾಡುವ ಹಕ್ಕೂ ರಾಜನದು. ಅತ್ತ ಐರಿಷ್ ಸಂಪ್ರದಾಯದಲ್ಲಿ ಒಡೆತನ ಗಂಡು ಸಂತತಿಯ ಬಳಗದೊಳಗೇ ಉಳಿಯಬೇಕು. ಒಬ್ಬ ಹಿರಿಯನಿಂದ ಇಳಿದುಬಂದ ಕೆಲವು ತಲೆಮಾರುಗಳ ಗಂಡಸರಲ್ಲಿ ಸಮರ್ಥನಾದವನು ನಾಯಕನಾಗಬೇಕು. ಮಗಳ ಮೂಲಕ ಅಳಿಯನಿಗೆ ರಾಜ್ಯ ಹೋಗುವುದೆಂದರೆ ಅವರಿಗೆ ಅರ್ಥವೇ ಆಗದ ಮಾತು. ಮೊದಲನೆಯ ಕಾನೂನು ಗಂಡುಮಗನಿರುವವರೆಗೆ ಆಸ್ತಿಯನ್ನು ಒಡೆಯದೆ ಕಾಪಾಡುತ್ತದೆ, ಆದರೆ ಹಸುಗೂಸಿನ ಕೈಗೂ ಪರವೂರಿನ ಅಳಿಯನ ಕೈಗೂ ಕೊಡಬಲ್ಲುದು. ಎರಡನೆಯದು ಭೂಮಿಯನ್ನು ಕತ್ತಿ ಹಿಡಿಯಬಲ್ಲವನ ಕೈಯಲ್ಲಿ ಇಡುತ್ತದೆ, ಆದರೆ ಪ್ರತಿ ಸಾವಿನ ನಂತರವೂ ಅಣ್ಣತಮ್ಮಂದಿರ ನಡುವೆ ಬಲಪರೀಕ್ಷೆಗೆ ದಾರಿ ಮಾಡುತ್ತದೆ.

ನಾರ್ಮನ್ನರು ಐರ್ಲೆಂಡಿಗೆ ಕಾಲಿಟ್ಟದ್ದೇ ಈ ಎರಡು ನಿಯಮಗಳ ಡಿಕ್ಕಿಯೊಂದಿಗೆ. ರಾಜ್ಯ ಕಳೆದುಕೊಂಡ, ಆಗ್ನೇಯ ಭಾಗದ ಲೆನ್‌ಸ್ಟರ್‌ನ ಅರಸ ಡರ್ಮಟ್ ಮ್ಯಾಕ್‌ಮರೊ ಸಹಾಯ ಬೇಡಿ ಕರೆತಂದ ಮೊದಲ ತುಕಡಿ 1169ರಲ್ಲಿ ವೆಕ್ಸ್‌ಫರ್ಡ್ ತೀರದಲ್ಲಿ ಇಳಿಯಿತು. ಮರುವರ್ಷ ಬಂದ ಸ್ಟ್ರಾಂಗ್‌ಬೋ ಎಂಬ ಖ್ಯಾತಿಯ ರಿಚರ್ಡ್ ಡಿ ಕ್ಲೇರ್, ಡರ್ಮಟ್‌ನ ಮಗಳು ಈಫಾಳನ್ನು ಮದುವೆಯಾಗಿ, 1171ರಲ್ಲಿ ಮಾವ ಸತ್ತಾಗ ಲೆನ್‌ಸ್ಟರ್ ತನ್ನದೆಂದ. ಐರಿಷ್ ಕಣ್ಣಿಗೆ ಇದು ಶುದ್ಧ ಅತಿಕ್ರಮ. ಇಂಗ್ಲಿಷ್ ಕಣ್ಣಿಗೆ ಸಹಜ ವಾರಸು. ಆ ಲೆನ್‌ಸ್ಟರ್ ಮುಂದೆ ಸ್ಟ್ರಾಂಗ್‌ಬೋನ ಮಗಳು ಇಸಬೆಲ್‌ಳ ಮೂಲಕ ಅವಳ ಗಂಡ ವಿಲಿಯಂ ಮಾರ್ಷಲ್‌ನಿಗೆ ಹೋಯಿತು. ಮಾರ್ಷಲ್‌ನ ಐವರು ಗಂಡುಮಕ್ಕಳೂ 1245ರ ಹೊತ್ತಿಗೆ ಒಬ್ಬರ ಹಿಂದೊಬ್ಬರು ಮಕ್ಕಳಿಲ್ಲದೆ ತೀರಿಕೊಂಡಾಗ, ಇಡೀ ಸೀಮೆಯನ್ನು ಅವನ ಐವರು ಹೆಣ್ಣುಮಕ್ಕಳ ಕಡೆಯವರಿಗೆ ಕಾರ್ಲೊ, ಕಿಲ್ಕೆನ್ನಿ, ವೆಕ್ಸ್‌ಫರ್ಡ್, ಕಿಲ್ಡೇರ್, ಡನಮೇಸ್ ಎಂದು ಐದು ಪಾಲು ಮಾಡಿ ಹಂಚಲಾಯಿತು. ಪಾಲು ಪಡೆದವರಲ್ಲಿ ಹೆಚ್ಚಿನವರಿಗೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಇದಕ್ಕಿಂತ ದೊಡ್ಡ ಆಸ್ತಿಗಳಿದ್ದವು. ಒಡೆಯ ದೂರ, ಕಾವಲು ಸಡಿಲ. ಆ ಸಂದಿನಲ್ಲಿ ಬೆಳೆದವರು ಸ್ಥಳದಲ್ಲೇ ಬೇರುಬಿಟ್ಟಿದ್ದ ಫಿಟ್ಜ್‌ಜೆರಾಲ್ಡ್, ಬಟ್ಲರ್ ಮತ್ತು ಡಿ ಬರ್ಗ್ ಮನೆತನಗಳವರು.

ಈ ಮೂವರ ನಡುವೆ ಜಗಳ ಮತ್ತು ಮದುವೆ ಒಂದರ ಬೆನ್ನಿಗೊಂದು ನಡೆಯುತ್ತಿದ್ದವು. 1294ರ ಡಿಸೆಂಬರ್‌ನಲ್ಲಿ ಜಾನ್ ಫಿಟ್ಜ್‌ಥಾಮಸ್ ಎಂಬ ಫಿಟ್ಜ್‌ಜೆರಾಲ್ಡ್ ವಂಶಜ, ಕೊನಾಕ್ಟ್‌ನ ಭೂಮಿಯ ವಿವಾದದಲ್ಲಿ ಕೆಂಪು ಅರ್ಲನನ್ನೇ ಹಿಡಿದು ಲೀ ಕೋಟೆಯಲ್ಲಿ ಮೂರು ತಿಂಗಳು ಕೂಡಿಹಾಕಿದ. ಕೊನೆಗೆ 1298ರ ರಾಜಿಯಲ್ಲಿ ಫಿಟ್ಜ್‌ಥಾಮಸ್ ಕೊನಾಕ್ಟ್‌ನ ತನ್ನ ಹಿಡುವಳಿಗಳನ್ನು ಬಿಟ್ಟುಕೊಡಬೇಕಾಯಿತು. 1312ರ ಆಗಸ್ಟ್‌ನಲ್ಲಿ ಅದೇ ಕೆಂಪು ಅರ್ಲ್ ತನ್ನ ಮಗಳೊಬ್ಬಳನ್ನು ತನ್ನನ್ನು ಸೆರೆಯಲ್ಲಿಟ್ಟವನ ಮಗನಿಗೂ, ಇನ್ನೊಬ್ಬಳನ್ನು ಮೇಲೆ ಹೇಳಿದ ಮಾರಿಸ್ ಫಿಟ್ಜ್‌ಥಾಮಸ್‌ನಿಗೂ ಕೊಟ್ಟು ಮದುವೆ ಮಾಡಿದ. ಅದಕ್ಕೆ ಹತ್ತು ವರ್ಷ ಮೊದಲು ಮತ್ತೊಬ್ಬ ಮಗಳನ್ನು ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್‌ನಿಗೆ ಕೊಟ್ಟಿದ್ದ. ಮಗಳನ್ನು ಕೊಟ್ಟು ಕದನ ನಿಲ್ಲಿಸುವ ಈ ಲೆಕ್ಕಾಚಾರ ಒಂದು ತಲೆಮಾರಿನ ಮಟ್ಟಿಗೆ ಫಲಿಸುತ್ತಿತ್ತು. ಮುಂದಿನ ತಲೆಮಾರಿಗೆ ಅದೇ ಮದುವೆ ಹೊಸ ಹಕ್ಕುದಾರರನ್ನು ಹುಟ್ಟಿಸುತ್ತಿತ್ತು.

ಕೆಂಪು ಅರ್ಲನ ಇನ್ನೊಬ್ಬ ಅಳಿಯ ಜಾನ್ ಬರ್ಮಿಂಗ್‌ಹ್ಯಾಮ್‌ನ ಗತಿಯನ್ನು ಹೇಳದೆ ಮುಂದೆ ಹೋಗಲಾಗದು. 1318ರಲ್ಲಿ, ಐರ್ಲೆಂಡಿನ ಮೇಲೆ ದಂಡೆತ್ತಿ ಬಂದಿದ್ದ ರಾಬರ್ಟ್ ಬ್ರೂಸ್‌ನ ತಮ್ಮ ಎಡ್ವರ್ಡ್ ಬ್ರೂಸ್‌ನನ್ನು ಸೋಲಿಸಿ ಕೊಂದ ಸೇನೆಯ ನಾಯಕನೀತ. ಅದಕ್ಕಾಗಿಯೇ ಪೂರ್ವ ಕರಾವಳಿಯ ಲೌಥ್‌ನ ಅರ್ಲ್ ಪದವಿ ಪಡೆದವನು. ಹೊರಗಿನಿಂದ ಬಂದ ಈ ಹೊಸ ಒಡೆಯನನ್ನು ಲೌಥ್‌ನ ಇಂಗ್ಲಿಷ್ ವಲಸಿಗರು ಸಹಿಸಲಿಲ್ಲ. 1329ರ ಜೂನ್‌ನಲ್ಲಿ ಬ್ರ್ಯಾಗನ್ಸ್‌ಟೌನ್ ಎಂಬಲ್ಲಿ ಅವನನ್ನೂ ಅವನ ಬಂಧುಬಳಗ, ಪರಿವಾರದ ನೂರಕ್ಕೂ ಹೆಚ್ಚು ಜನರನ್ನೂ ಕೊಂದರು. ಸತ್ತವರಲ್ಲಿ ಮಲ್ರೂನಿ ಕ್ಯಾಮ್ ಓ’ಕ್ಯಾರೊಲ್ ಎಂಬ ತಂತಿವಾದ್ಯದ ಮಹಾವಿದ್ವಾಂಸನೂ ಇದ್ದ. ಅವನ ಸುತ್ತ ಇದ್ದ ಶಿಷ್ಯರೂ ಹತರಾದರೆಂದು ಐರಿಷ್ ವಾರ್ಷಿಕ ವೃತ್ತಾಂತಗಳು ಬರೆದಿಟ್ಟಿವೆ. ನಾರ್ಮನ್ ಅರ್ಲನ ಮನೆಯಲ್ಲಿ ಐರಿಷ್ ಸಂಗೀತಗಾರ, ಅವನ ಸುತ್ತ ಶಿಷ್ಯವರ್ಗ! ಅವರನ್ನು ಕೊಂದವರು ಇಂಗ್ಲಿಷರು. ಐರ್ಲೆಂಡಿನ ಮಧ್ಯಯುಗವನ್ನು ಎರಡು ಜನಾಂಗಗಳ ಯುದ್ಧವೆಂದು ಸರಳವಾಗಿ ಓದುವವರು ಈ ಒಂದು ದೃಶ್ಯವನ್ನಾದರೂ ನೆನಪಿಡುವುದು ಒಳ್ಳೆಯದು. ಬರ್ಮಿಂಗ್‌ಹ್ಯಾಮ್‌ನಿಗೆ ಬದುಕುಳಿದ ಗಂಡುಮಕ್ಕಳಿರಲಿಲ್ಲ; ಪದವಿ ಅಳಿಯಿತು, ಭೂಮಿ ಹೆಣ್ಣುಮಕ್ಕಳಿಗೆ ಹಂಚಿಹೋಯಿತು.

ಈಗ ಕಂದು ಅರ್ಲನ ಕೊಲೆಗೆ ಮರಳೋಣ. ಅವನ ಹೆಂಡತಿ ಮಾಡ್, ಕೂಸನ್ನೆತ್ತಿಕೊಂಡು ಹಡಗು ಹತ್ತಿ ಇಂಗ್ಲೆಂಡಿಗೆ ಪಾರಾದಳು. ಆ ಕೂಸು ಎಲಿಜಬೆತ್; 1332ರ ಜುಲೈನಲ್ಲಿ ಹುಟ್ಟಿದವಳು, ತಂದೆ ಸಾಯುವಾಗ ಹನ್ನೊಂದು ತಿಂಗಳು. ಕಾನೂನಿನ ಲೆಕ್ಕದಲ್ಲಿ ಅಲ್ಸ್ಟರ್ ಮತ್ತು ಕೊನಾಕ್ಟ್‌ಗಳೆರಡೂ ಆ ಗಳಿಗೆಯಿಂದ ಅವಳವು. ರಾಜನ ಅಧಿಕಾರಿಗಳು ರೂಢಿಯಂತೆ ಊರೂರಿನ ಪಂಚರನ್ನು ಕೂರಿಸಿ, ಪ್ರಮಾಣ ಮಾಡಿಸಿ, ಸತ್ತವನಿಗೆ ಎಲ್ಲೆಲ್ಲಿ ಏನೇನಿತ್ತು, ವಾರಸುದಾರರು ಯಾರು, ಅವರ ವಯಸ್ಸೆಷ್ಟು ಎಂದು ನಮ್ಮ ಮಹಜರನ್ನು ಹೋಲುವ ದಾಖಲೆಗಳನ್ನು ಬರೆಸಿದರು. ಅವು ಉಳಿದುಬಂದಿವೆ. ಶಾಂತಿಯ ಕಾಲದಲ್ಲಿ ಇಷ್ಟು ಬೆಲೆಬಾಳುತ್ತಿದ್ದ ಭೂಮಿ ಈಗ ಕಾದಾಟಗಳಿಂದಾಗಿ ಇಷ್ಟೇ, ಅಥವಾ ಏನೂ ಇಲ್ಲ ಎಂಬ ಧಾಟಿಯ ನಮೂದುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ವೃತ್ತಾಂತಕಾರರು ಕೊಲೆಯನ್ನು ಬಣ್ಣಿಸಿದರೆ, ಈ ಗುಮಾಸ್ತರು ಅದರ ವೆಚ್ಚವನ್ನು ಬರೆದಿಟ್ಟರು. ನನಗಂತೂ ಎರಡನೆಯವರ ಮಾತೇ ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ.

ಕೊನಾಕ್ಟ್‌ನಲ್ಲಿ ಉಳಿದಿದ್ದ ಡಿ ಬರ್ಗ್ ಗಂಡಸರ ಜಾಗದಲ್ಲಿ ನಿಂತು ಒಮ್ಮೆ ನೋಡಬೇಕು. ಮೂರು ತಲೆಮಾರು ಕತ್ತಿಯಿಂದ ಕಾಯ್ದ ನೆಲ ಇನ್ನು ಸಮುದ್ರದಾಚೆ ತೊಟ್ಟಿಲಲ್ಲಿರುವ ಹೆಣ್ಣುಕೂಸಿನದು; ಮುಂದೆ ಅವಳನ್ನು ರಾಜ ಯಾರಿಗೆ ಕೊಡುತ್ತಾನೋ ಅವನದು. ಅವರು ಒಪ್ಪಲಿಲ್ಲ. ಒಪ್ಪದಿರಲು ಅವರಿಗೆ ಸಿದ್ಧವಾಗಿದ್ದ ನ್ಯಾಯ ಐರಿಷ್ ನ್ಯಾಯವೇ: ಬಳಗದ ಭೂಮಿ ಬಳಗದ ಗಂಡಸರಿಗೆ. ಆದರೆ ಆ ನಿಯಮವನ್ನು ಹಿಡಿದ ಕೂಡಲೇ ‘ಯಾವ ಗಂಡಸಿಗೆ’ ಎಂಬ ಜಗಳ ಶುರುವಾಯಿತು. ಕೆಂಪು ಅರ್ಲನ ಬದುಕಿದ್ದ ಮಗ ಎಡ್ಮಂಡ್ ಒಂದು ಕಡೆ. ಹಸಿವಿನಿಂದ ಸತ್ತ ವಾಲ್ಟರ್‌ನ ತಮ್ಮ, ಸ್ಕಾಟ್ಲೆಂಡಿನಲ್ಲಿದ್ದು ಬಂದದ್ದಕ್ಕೆ ‘ಅಲ್ಬನಾಕ್’ ಎನಿಸಿಕೊಂಡ ಇನ್ನೊಬ್ಬ ಎಡ್ಮಂಡ್ ಮತ್ತೊಂದು ಕಡೆ. ಗಾಲ್ವೆಯ ದಿಕ್ಕಿನಲ್ಲಿ ಉಲಿಕ್ ಎಂಬ ಇನ್ನೊಬ್ಬ ದಾಯಾದಿಯ ಶಾಖೆ ಮೂರನೆಯದು. 1338ರಲ್ಲಿ ಅಲ್ಬನಾಕ್ ತನ್ನ ದಾಯಾದಿ, ಕೆಂಪು ಅರ್ಲನ ಮಗ ಎಡ್ಮಂಡ್‌ನನ್ನು ಸೆರೆಹಿಡಿದು, ಕಲ್ಲು ಕಟ್ಟಿ ಮಾಸ್ಕ್ ಸರೋವರದಲ್ಲಿ ಮುಳುಗಿಸಿದ. ಅಣ್ಣನಿಗೆ ಅನ್ನವಿಲ್ಲದ ಸಾವು, ಅವನನ್ನು ಕೊಂದ ಅರ್ಲನ ಚಿಕ್ಕಪ್ಪನಿಗೆ ನೀರಿನಲ್ಲಿ ಸಾವು.

ಕಾಳಗ ತಣ್ಣಗಾದಾಗ ಡಿ ಬರ್ಗ್‌ಗಳು ಬರ್ಕ್‌ಗಳಾಗಿದ್ದರು. ಮೇಯೊ ಸೀಮೆಯ ನಾಯಕ ‘ಕೆಳಗಿನ ಮ್ಯಾಕ್ ವಿಲಿಯಂ’, ಗಾಲ್ವೆ ಸೀಮೆಯ ಕ್ಲಾನ್‌ರಿಕಾರ್ಡ್ ನಾಯಕ ‘ಮೇಲಿನ ಮ್ಯಾಕ್ ವಿಲಿಯಂ’ ಎಂದು ಐರಿಷ್ ಕುಲನಾಯಕರ ರೀತಿಯ ಬಿರುದು ಧರಿಸಿ, ಐರಿಷ್ ಭಾಷೆ ಆಡಿ, ಐರಿಷ್ ಕ್ರಮದಲ್ಲೇ ನಾಯಕರನ್ನು ಆರಿಸಿಕೊಂಡರು. ಇದನ್ನು ಸಂಸ್ಕೃತಿಯ ಸೆಳೆತವೆಂದು ವಿವರಿಸುವುದು ವಾಡಿಕೆ, ಅದರಲ್ಲಿ ಹುರುಳೂ ಇದೆ. ಆದರೆ ಭಾಷೆ, ಉಡುಪುಗಳ ಹಿಂದೆ ಒಂದು ಆಸ್ತಿಪತ್ರದ ಲೆಕ್ಕವೂ ಇತ್ತೆಂಬುದನ್ನು ಮರೆಯಬಾರದು. ಇಂಗ್ಲಿಷರಾಗಿ ಉಳಿದಿದ್ದರೆ ಅವರು ಭೂಮಿಯಿಲ್ಲದ ಚಿಕ್ಕಪ್ಪಂದಿರಷ್ಟೇ ಆಗಿರುತ್ತಿದ್ದರು.

ಅತ್ತ ರಾಜನೂ ಸುಮ್ಮನಿರಲಿಲ್ಲ. 1342ರಲ್ಲಿ ಹತ್ತು ವರ್ಷದ ಎಲಿಜಬೆತ್‌ಳನ್ನು ಮೂರನೇ ಎಡ್ವರ್ಡ್, ಇನ್ನೂ ನಾಲ್ಕು ತುಂಬದ ತನ್ನ ಮಗ ಲಯೊನೆಲ್‌ನಿಗೆ ತಂದುಕೊಂಡ. 1361ರಲ್ಲಿ ಲಯೊನೆಲ್ ಸೈನ್ಯದೊಂದಿಗೆ ಹೆಂಡತಿಯ ಪಿತ್ರಾರ್ಜಿತವನ್ನು ಮರಳಿ ಪಡೆಯಲು ಬಂದ. ಎಲಿಜಬೆತ್ 1363ರಲ್ಲಿ ಡಬ್ಲಿನ್‌ನಲ್ಲಿ ತೀರಿಕೊಂಡಳು. ಕೊನಾಕ್ಟ್ ಕೈಗೆ ಬರಲಿಲ್ಲ. ಅವನು ಬಿಟ್ಟುಹೋದದ್ದು 1366ರ ಕಿಲ್ಕೆನ್ನಿ ಶಾಸನಗಳನ್ನು: ವಲಸಿಗರು ಐರಿಷರೊಂದಿಗೆ ಮದುವೆಯಾಗಬಾರದು, ಅವರ ಮನೆಗಳಲ್ಲಿ ಮಕ್ಕಳನ್ನು ಬೆಳೆಸಬಾರದು, ಅವರ ಕಾನೂನಿನಂತೆ ತೀರ್ಪು ಪಡೆಯಬಾರದು, ಇಂಗ್ಲಿಷನ್ನೇ ಆಡಬೇಕು. ಇಂಗ್ಲಿಷನ್ನೇ ಆಡಿರೆಂಬ ಈ ಆಜ್ಞೆಯನ್ನು ಬರೆದದ್ದು ಫ್ರೆಂಚಿನಲ್ಲಿ.

ಲಯೊನೆಲ್ ದಂಪತಿಗೆ ಹುಟ್ಟಿದ್ದೂ ಒಬ್ಬಳೇ ಮಗಳು, ಫಿಲಿಪ್ಪಾ. ಅಲ್ಸ್ಟರ್‌ನ ಹಕ್ಕು ಅವಳ ಮೂಲಕ ಮಾರ್ಟಿಮರ್ ಮನೆತನಕ್ಕೆ ಹೋಯಿತು. ಅವಳ ಗಂಡ 1381ರಲ್ಲಿ ಕಾರ್ಕ್‌ನಲ್ಲಿ ಸತ್ತ, ಮಗ 1398ರಲ್ಲಿ ಐರಿಷರೊಂದಿಗಿನ ಕಾದಾಟದಲ್ಲಿ ಹತನಾದ, ಮೊಮ್ಮಗ 1425ರಲ್ಲಿ ಟ್ರಿಮ್‌ನಲ್ಲಿ ಮಕ್ಕಳಿಲ್ಲದೆ ಪ್ಲೇಗಿಗೆ ಬಲಿಯಾದ. ಹಕ್ಕು ಮತ್ತೆ ಹೆಣ್ಣಿನ ಕಡೆಯಿಂದ ಯಾರ್ಕ್ ವಂಶಕ್ಕೆ ಇಳಿದು, 1461ರಲ್ಲಿ ನಾಲ್ಕನೇ ಎಡ್ವರ್ಡ್ ಪಟ್ಟಕ್ಕೆ ಬಂದಾಗ ಇಂಗ್ಲೆಂಡಿನ ಸಿಂಹಾಸನದೊಳಗೇ ಸೇರಿಹೋಯಿತು.

ಇದೇ ಕಾಯಿಲೆ ಬಟ್ಲರ್‌ಗಳನ್ನೂ ಬಿಡಲಿಲ್ಲ. 1515ರಲ್ಲಿ ಆರ್ಮಂಡ್‌ನ ಅರ್ಲ್ ಥಾಮಸ್ ಬಟ್ಲರ್ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಇಂಗ್ಲೆಂಡಿನಲ್ಲಿ ಸತ್ತಾಗ, ಐರ್ಲೆಂಡಿನಲ್ಲಿದ್ದ ದಾಯಾದಿ ಪಿಯರ್ಸ್ ಬಟ್ಲರ್ ಪದವಿ ತನ್ನದೆಂದ; ಹೆಣ್ಣುಮಕ್ಕಳಲ್ಲೊಬ್ಬಳ ಮಗ ಥಾಮಸ್ ಬೊಲಿನ್ ತನ್ನದೆಂದ. ಎರಡೂ ಕಡೆಯವರನ್ನು ಕೂಡಿಸಲು ಪಿಯರ್ಸ್‌ನ ಮಗನಿಗೆ ಬೊಲಿನ್‌ನ ಮಗಳನ್ನು ತರುವ ಮಾತುಕತೆ ನಡೆದು ಮುರಿದುಬಿತ್ತು. ಆ ಹುಡುಗಿಯ ಹೆಸರು ಆ್ಯನ್; ಮುಂದೆ ಎಂಟನೇ ಹೆನ್ರಿಯ ರಾಣಿಯಾದವಳು.

ಆ ಹೆನ್ರಿಯೇ 1543ರ ಜುಲೈನಲ್ಲಿ ‘ಮೇಲಿನ ಮ್ಯಾಕ್ ವಿಲಿಯಂ’ ಉಲಿಕ್ ಬರ್ಕ್‌ನನ್ನು ಗ್ರೀನಿಚ್ ಅರಮನೆಗೆ ಕರೆಸಿ, ಅವನು ಐರಿಷ್ ಬಿರುದನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಕ್ಲಾನ್‌ರಿಕಾರ್ಡ್‌ನ ಅರ್ಲ್ ಪದವಿ ಕೊಟ್ಟ. ಹೆನ್ರಿಯ ತಾಯಿ ನಾಲ್ಕನೇ ಎಡ್ವರ್ಡ್‌ನ ಮಗಳು. ಅಂದರೆ ಕ್ಯಾರಿಕ್‌ಫರ್ಗಸ್‌ನ ದಾರಿಯಲ್ಲಿ ಸತ್ತ ತರುಣನ ನೇರ ವಾರಸುದಾರ ಅಂದು ಸಿಂಹಾಸನದ ಮೇಲೆ ಕುಳಿತಿದ್ದ, ಆ ಭೂಮಿಯನ್ನು ವಾರಸುದಾರಳಿಗೆ ಬಿಟ್ಟುಕೊಡದ ದಾಯಾದಿಗಳ ವಂಶಜ ಎದುರಿಗೆ ಮಂಡಿಯೂರಿದ್ದ. ಇನ್ನು ಮುಂದೆ ಆಸ್ತಿ ಇಂಗ್ಲಿಷ್ ಕಾನೂನಿನಂತೆ ತಂದೆಯಿಂದ ಹಿರಿಯ ಔರಸಪುತ್ರನಿಗೆ ಇಳಿಯಬೇಕೆಂಬುದು ಕರಾರು. ಮರುವರ್ಷವೇ ಉಲಿಕ್ ಸತ್ತ. ಐರಿಷ್ ಪದ್ಧತಿಯಂತೆ ಅವನು ಕೂಡಿ ಬಿಟ್ಟಿದ್ದ ಹೆಂಡಿರು ಒಬ್ಬರಿಗಿಂತ ಹೆಚ್ಚಿದ್ದರು. ಅವರಲ್ಲಿ ಕಾನೂನಿನ ಪ್ರಕಾರ ಹೆಂಡತಿ ಯಾರು, ಯಾರ ಮಗ ಅರ್ಲ್ ಎಂದು ತೀರ್ಮಾನಿಸಲು ಅಧಿಕಾರಿಗಳು ಮತ್ತೆ ವಿಚಾರಣೆಗೆ ಕುಳಿತರು.