ಮಕ್ಕಳ ಮಾದರಿ ನಡೆಯದೆ ನಿಂತಾಗ ಅಧ್ಯಾಪಕರು ಎಷ್ಟು ಕೈ ಹಾಕಬೇಕು?

ಪ್ರಶ್ನೆ: ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಲಿಟಲ್ ಕೈಟ್ಸ್ (ಮಕ್ಕಳ ಐಟಿ ಕ್ಲಬ್) ಘಟಕವನ್ನು ನೋಡಿಕೊಳ್ಳುತ್ತಿದ್ದೇನೆ. ಮಕ್ಕಳು ಆರ್ಡ್ವಿನೊ (ಪ್ರೋಗ್ರಾಮು ತುಂಬಿ ನಡೆಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು) ಬಳಸಿ ಏನನ್ನಾದರೂ ಜೋಡಿಸುವಾಗ ಸಿಕ್ಕಿಹಾಕಿಕೊಂಡರೆ ಅವರಾಗಿಯೇ ಕಂಡುಕೊಳ್ಳಲಿ ಎಂದು ಬಿಡಬೇಕೇ, ನಾನೇ ಸರಿಪಡಿಸಿ ಕೊಡಬೇಕೇ? ಬಿಟ್ಟರೆ ಬೇಸರಗೊಂಡು ಕುಳಿತುಬಿಡುತ್ತಾರೆ. ಸರಿಪಡಿಸಿದರೆ ಅವರು ಕಲಿತದ್ದೇನು ಎಂಬ ಅಳುಕು ನನಗೆ ಉಳಿಯುತ್ತದೆ.

ಉತ್ತರ: ಕೇರಳದ ಹೈಸ್ಕೂಲುಗಳಲ್ಲಿ 2018ರಲ್ಲಿ ಲಿಟಲ್ ಕೈಟ್ಸ್ ಆರಂಭವಾಯಿತು, 2025ರಲ್ಲಿ ಹತ್ತನೇ ತರಗತಿಯ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಠ್ಯಕ್ಕೇ ರೊಬೋಟಿಕ್ಸ್ ಸೇರಿತು. ಹೀಗಾಗಿ ಎಲೆಕ್ಟ್ರಾನಿಕ್ಸ್ ಕಲಿಯದ ಅಧ್ಯಾಪಕರೂ ಈಗ ಈ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ವಯರನ್ನು ಮುಟ್ಟುವ ಕೈ ಮಗುವಿನದೇ ಆಗಿರಲಿ, ದೋಷವನ್ನು ಹುಡುಕುವ ಕ್ರಮವನ್ನು ಮಾತ್ರ ಅಧ್ಯಾಪಕರು ಧಾರಾಳವಾಗಿ ಕೊಡಲಿ.

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯ ಮಕ್ಕಳಿಗೆ ಸಹಜವಾಗಿ ಹೊಳೆಯಬಹುದಾದ ಒಂದು ಮಾದರಿಯನ್ನೇ ತೆಗೆದುಕೊಳ್ಳೋಣ. ಅಡಿಕೆ ತೋಟದ ಮಣ್ಣು ಒಣಗಿದಾಗ ತಾನಾಗಿ ನೀರು ಬಿಡುವ ಏರ್ಪಾಡು ಅದು. ಕುಂಡದ ಮಣ್ಣಿಗೆ ತೇವಾಂಶದ ಸೆನ್ಸರ್ ಚುಚ್ಚಿದ್ದಾರೆ, ಪಂಪಿನ ಬದಲಿಗೆ ಸಣ್ಣ ಡಿಸಿ ಮೋಟಾರನ್ನು ಡ್ರೈವರ್ ಬೋರ್ಡಿನ (ಆರ್ಡ್ವಿನೊದ ಸಂಕೇತದಂತೆ ಮೋಟಾರಿಗೆ ಕರೆಂಟು ಹರಿಸುವ ಬೋರ್ಡು) ಮೂಲಕ ಜೋಡಿಸಿದ್ದಾರೆ. ಮಣ್ಣು ಒಣಗಿದೆ ಎಂದು ತಿಳಿದ ಕೂಡಲೇ ಮೋಟಾರು ಒಮ್ಮೆ ಅಲುಗುತ್ತದೆ, ಆರ್ಡ್ವಿನೊ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಮೋಟಾರು ಮತ್ತೆ ಅಲುಗುತ್ತದೆ. ಮಕ್ಕಳು ಪ್ರೋಗ್ರಾಮಿನಲ್ಲೇ ತಪ್ಪಿದೆಯೆಂದು ನಂಬಿ ಅದನ್ನೇ ತಿದ್ದುತ್ತಾ ಕುಳಿತಿದ್ದಾರೆ.

ಅನುಭವವಿದ್ದವರಿಗೆ ಕಾರಣ ನೋಡಿದೊಡನೆ ತಿಳಿಯುತ್ತದೆ. ಮೋಟಾರಿಗೂ ಆರ್ಡ್ವಿನೊ ಬೋರ್ಡಿನ 5 ವೋಲ್ಟ್ ಪಿನ್ನಿನಿಂದಲೇ ವಿದ್ಯುತ್ತು ಹೋಗುತ್ತಿದೆ. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಯಿಂದ ಸಾಮಾನ್ಯವಾಗಿ ದೊರೆಯುವುದು 500 ಮಿಲಿ ಆಂಪಿಯರ್‌ನಷ್ಟು. ಮೋಟಾರು ತಿರುಗಲಾರಂಭಿಸುವ ಕ್ಷಣದಲ್ಲಿ, ಓಡುವಾಗ ಬೇಕಾಗುವುದಕ್ಕಿಂತ ಹಲವು ಪಟ್ಟು ಕರೆಂಟನ್ನು ಎಳೆಯುತ್ತದೆ. ಆಗ ವೋಲ್ಟೇಜು ಕುಸಿದು ಚಿಪ್ಪು ರೀಸೆಟ್ ಆಗುತ್ತದೆ. ಒಂದು ವಯರನ್ನು ಕಿತ್ತು ಬೇರೆ ಬ್ಯಾಟರಿಗೆ ಸಿಕ್ಕಿಸಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಹಾಗೆ ಮಾಡಿದರೆ ಮಗುವಿಗೆ ದಕ್ಕುವ ಪಾಠ 'ಕೆಟ್ಟರೆ ಟೀಚರನ್ನು ಕರೆಯಬೇಕು' ಎಂಬುದೊಂದೇ.

ಅದರ ಬದಲಿಗೆ ಮೊದಲು ಕೇಳಬೇಕಾದುದು, 'ಯಾವಾಗ ನಿಲ್ಲುತ್ತದೆ, ಸರಿಯಾಗಿ ನೋಡಿ ಹೇಳು' ಎಂದು. ಮೋಟಾರು ಅಲುಗಿದಾಗ ಎಂಬ ಉತ್ತರ ಬಂದರೆ ಹುಡುಕಾಟದ ಅರ್ಧ ದಾರಿ ಸವೆದಂತೆ. ಮೋಟಾರನ್ನು ಕಳಚಿ ಅದೇ ಪ್ರೋಗ್ರಾಮನ್ನು ಓಡಿಸಲು ಹೇಳಿ. ಬೋರ್ಡು ನಿಲ್ಲದಿದ್ದರೆ ಪ್ರೋಗ್ರಾಮಿನ ಮೇಲಿನ ಸಂಶಯ ಬಹುಮಟ್ಟಿಗೆ ತೀರುತ್ತದೆ. ಅನಂತರ ಮಲ್ಟಿಮೀಟರನ್ನು ಮಗುವಿನ ಕೈಗೇ ಕೊಟ್ಟು, 5 ವೋಲ್ಟ್ ಮತ್ತು ಗ್ರೌಂಡ್ (ಸೊನ್ನೆ ವೋಲ್ಟಿನ) ಪಿನ್ನುಗಳ ನಡುವೆ ಹಿಡಿದು ಮೋಟಾರನ್ನು ಮತ್ತೆ ಜೋಡಿಸಿದಾಗ ಅಂಕೆ ಏನಾಗುತ್ತದೆಂದು ಬರೆದುಕೊಳ್ಳಲು ಹೇಳಿ. ಅಂಕೆ ಕೆಳಗೆ ಜಾರುವುದನ್ನು ತಾನೇ ಕಂಡ ಮಗು, ಮುಂದೆ ಸರ್ವೊ ಮೋಟಾರು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) ನಡುಗಿದಾಗಲೂ ಯಾರೂ ಹೇಳದೆಯೇ ಮೀಟರನ್ನು ಕೈಗೆತ್ತಿಕೊಳ್ಳುವ ಸಂಭವ ಹೆಚ್ಚು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು, ಬದಲಿಸುವ ಮೊದಲು ಏನಾಗಬಹುದೆಂದು ಹೇಳಬೇಕು ಎಂಬ ಎರಡು ನಿಯಮಗಳನ್ನು ಇಲ್ಲಿ ಬಿಟ್ಟುಕೊಡಬಾರದು.

ಆದರೆ ಎಲ್ಲವನ್ನೂ ಮಕ್ಕಳೇ ಕಂಡುಹಿಡಿಯಲಿ ಎಂಬ ಹಟವನ್ನು ನಾನು ಒಪ್ಪುವುದಿಲ್ಲ. ಬೇರೆ ಬ್ಯಾಟರಿ ಜೋಡಿಸಿದ ಮೇಲೂ ಮೋಟಾರು ಸರಿಯಾಗಿ ತಿರುಗದಿರಬಹುದು. ಬ್ಯಾಟರಿಯ ಋಣ ತುದಿಯನ್ನು ಆರ್ಡ್ವಿನೊದ ಗ್ರೌಂಡಿಗೂ ಸೇರಿಸಬೇಕೆಂಬುದು ಹೊಸದಾಗಿ ಕಲಿಯುವ ಮಗುವಿಗೆ ಸುಮ್ಮನೆ ನೋಡಿದರೆ ಹೊಳೆಯುವ ಸಂಗತಿಯಲ್ಲ. ಅದನ್ನು ನೇರವಾಗಿ ಹೇಳಿ, ಕಾರಣವನ್ನೂ ತಿಳಿಸಬೇಕು. ಎಲ್‌ಇಡಿಯ ಉದ್ದದ ಕಾಲು ಧನ ಎಂಬುದು, 220 ಓಮ್‌ನ ರೆಸಿಸ್ಟರನ್ನು ಜೊತೆಗೆ ಹಾಕುವುದು, ಬೆಸುಗೆ ಹಾಕುವಾಗ ಮೊದಲು ಲೋಹವನ್ನು ಕಾಯಿಸಿ ಆಮೇಲೆ ಸೀಸವನ್ನು ತಾಗಿಸುವುದು, ಇವೆಲ್ಲ ತೋರಿಸಿ ಕಲಿಸಬೇಕಾದವು. ಸ್ವೆಲ್ಲರ್ ಮತ್ತು ಕೂಪರ್ ಎಂಬ ಸಂಶೋಧಕರು 1985ರಲ್ಲಿ ಬೀಜಗಣಿತದ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೊಸಬರು ಬರೀ ಲೆಕ್ಕ ಬಿಡಿಸುವುದಕ್ಕಿಂತ ಬಿಡಿಸಿದ ಮಾದರಿಗಳನ್ನು ನೋಡಿ ಹೆಚ್ಚು ಚೆನ್ನಾಗಿ ಕಲಿತರು. ಮೊದಲ ಸಲ ನೀವೇ ಒಂದು ದೋಷವನ್ನು ಮಕ್ಕಳ ಮುಂದೆ, ಮನಸ್ಸಿನ ಯೋಚನೆಯನ್ನೆಲ್ಲ ಬಾಯಲ್ಲಿ ಹೇಳುತ್ತಾ ಹುಡುಕಿ ತೋರಿಸಿ. ಎರಡನೆಯದನ್ನು ಒಟ್ಟಿಗೆ ಹುಡುಕಿ. ಮೂರನೆಯದರಲ್ಲಿ ಹಿಂದೆ ಸರಿಯಿರಿ.

ಅಪಾಯದ ವಿಷಯದಲ್ಲಂತೂ ಕಾಯುವ ಮಾತೇ ಇಲ್ಲ. ಬ್ಯಾಟರಿ ಶಾರ್ಟ್ ಆಗಿ ಬಿಸಿಯಾದರೆ ಕೂಡಲೇ ಕಳಚಬೇಕು. 230 ವೋಲ್ಟಿನ ಪಂಪನ್ನು ಹೈಸ್ಕೂಲಿನ ಮಾದರಿಗೆ ಜೋಡಿಸಲೇಬಾರದು.

ಮಕ್ಕಳು ಬೇಸರಗೊಳ್ಳುತ್ತಾರೆ ಎಂದಿದ್ದೀರಿ. ಬೇಸರ ಬರುವುದು ಕಷ್ಟದಿಂದಲ್ಲ, ಮುಂದಿನ ಹೆಜ್ಜೆ ಕಾಣದಿರುವುದರಿಂದ ಎಂದು ನನ್ನ ನಂಬಿಕೆ. ಆದ್ದರಿಂದ ಪ್ರತಿ ಮೇಜಿನ ಬಳಿಯೂ ಒಂದು ಅಳತೆಯನ್ನೋ ಒಂದು ಪರೀಕ್ಷೆಯನ್ನೋ ಒಪ್ಪಿಸಿಯೇ ಮುಂದೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಮರಳಿ ಬನ್ನಿ. ಪ್ರಶ್ನೆ ಕೇಳಿದ ಮೇಲೆ ಕಾಯುವುದೂ ಮುಖ್ಯ. ಅಮೆರಿಕದ ಮೇರಿ ಬಡ್ ರೋ ಅವರು ವಿಜ್ಞಾನದ ತರಗತಿಗಳನ್ನು ಗಮನಿಸಿದಾಗ ಅಧ್ಯಾಪಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ದೀರ್ಘವಾದವು, ತಾವಾಗಿ ಮಾತನಾಡುವ ಮಕ್ಕಳೂ ಹೆಚ್ಚಾದರು. ನಮ್ಮಲ್ಲಿ ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಮರಾಠಿಯನ್ನೋ ಮಲಯಾಳವನ್ನೋ ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಉತ್ತರಿಸುವ ಮಕ್ಕಳಿರುವಾಗ ಈ ಕಾಯುವಿಕೆ ಇನ್ನೂ ಅಗತ್ಯ. ಮಗು ತನ್ನ ಮನೆಮಾತಿನಲ್ಲೇ ವಿವರಿಸಿದರೂ ತಡೆಯಬೇಡಿ.

ಗುಂಪಿನಲ್ಲಿ ಒಬ್ಬನೇ ಎಲ್ಲವನ್ನೂ ಜೋಡಿಸಿ ಉಳಿದವರು ನೋಡುತ್ತಾ ನಿಲ್ಲುವುದೂ ಉಂಟು. ಹೆಚ್ಚಾಗಿ ಹಾಗೆ ನಿಲ್ಲುವವರು ಹುಡುಗಿಯರು ಎಂಬುದು ನನಗೆ ನೋವಿನ ಸಂಗತಿ. ಮೀಟರು, ಜೋಡಣೆ, ಬರವಣಿಗೆಗಳನ್ನು ಸರದಿಯಲ್ಲಿ ಬದಲಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

ಕೊನೆಯದಾಗಿ ಉಪಜಿಲ್ಲಾ ಶಾಸ್ತ್ರೋತ್ಸವದ (ಶಾಲಾ ವಿಜ್ಞಾನ ಮೇಳದ) ಒತ್ತಡ. ಎರಡು ದಿನ ಉಳಿದಿರುವಾಗ ವರ್ಕಿಂಗ್ ಮಾಡೆಲ್ ನಡೆಯದಿದ್ದರೆ ಎಷ್ಟೋ ಮಾಷ್ಟ್ರುಗಳು ರಾತ್ರಿ ಕುಳಿತು ತಾವೇ ಮುಗಿಸುತ್ತಾರೆ. ಅದು ಮಕ್ಕಳ ಮೇಲಿನ ಪ್ರೀತಿಯಿಂದಲೇ ಎಂದು ಬಲ್ಲೆ. ಆದರೂ ಮಾದರಿಯನ್ನೇ ಕಿರಿದು ಮಾಡಿ ಎಂದು ಕೇಳಿಕೊಳ್ಳುತ್ತೇನೆ: ಮೊಬೈಲಿಗೆ ಸಂದೇಶ ಕಳಿಸುವ ಭಾಗವನ್ನು ಬಿಟ್ಟು, ಮಣ್ಣು ಒಣಗಿದರೆ ಮೋಟಾರು ತಿರುಗುವುದಷ್ಟನ್ನೇ ಉಳಿಸಿ. ಅನಿವಾರ್ಯವಾಗಿ ನೀವೇ ಏನನ್ನಾದರೂ ಸರಿಪಡಿಸಿದ್ದರೆ ಅದನ್ನು ಮಗುವಿಗೆ ಮುಚ್ಚಿಡದೆ ಹೇಳಿ, ಆ ಭಾಗವನ್ನು ಬಿಚ್ಚಿಸಿ, ಮಗುವಿನ ಕೈಯಿಂದಲೇ ಮತ್ತೊಮ್ಮೆ ಜೋಡಿಸಿದ ಮೇಲೆ ಪೆಟ್ಟಿಗೆಗೆ ತುಂಬಿಸಿ.