ಕಡಲ ಗೋಡೆ ಬೀಳುವುದು ಬುಡದಿಂದ

ಮಳೆಗಾಲದ ಆಟಿ ತಿಂಗಳು ಬಂತೆಂದರೆ ಕಾಸರಗೋಡಿನ ಉಪ್ಪಳ, ಕುಂಬಳೆ ಕಡೆಯ ಕಡಲಬದಿಯವರ ಪ್ರಶ್ನೆ ಒಂದೇ: "ಇನ್ನೂ ದೊಡ್ಡ ಕಲ್ಲು ಹಾಕಿದರೆ ಗೋಡೆ ನಿಂತೀತಾ?" ತೆಂಗಿನ ಬೇರು ಬಯಲಾಗಿ ಅಂಗಳದ ಅಂಚು ಜರಿಯುವಾಗ ಬೇರೇನೂ ತೋಚದು, ನಿಜ. ಆದರೆ ಕುಸಿದ ಗೋಡೆಯನ್ನು ದಯವಿಟ್ಟು ಸರಿಯಾಗಿ ನೋಡಿ. ಕಲ್ಲು ಕಡಲ ಕಡೆಗೆ ಜಾರಿ ಅರ್ಧ ಹೊಯ್ಗೆಯಲ್ಲಿ (ಮರಳಿನಲ್ಲಿ) ಹೂತಿದ್ದರೆ, ತೆರೆ ಅದನ್ನು ಬಡಿದು ಕೆಡವಿದ್ದಲ್ಲ. ಬುಡದ ಹೊಯ್ಗೆ ಹೋಗಿದೆ, ಕಲ್ಲು ತಾನಾಗಿ ಇಳಿದಿದೆ. ಎಷ್ಟು ಭಾರದ ಕಲ್ಲಾದರೂ ಅಲ್ಲಿ ಇಳಿಯುತ್ತದೆ.

ತೆರೆಯಡಿಯ ನೀರು ಸುತ್ತುತ್ತಿರುತ್ತದೆ. ಆಳ ಕಡಿಮೆಯಾದಂತೆ ಸುತ್ತು ಚಪ್ಪಟೆಯಾಗಿ, ತಳದಲ್ಲಿ ಬರೀ ಹಿಂದೆ-ಮುಂದೆ ಓಡುತ್ತದೆ. 8 ಸೆಕೆಂಡಿಗೊಮ್ಮೆ ಬರುವ 1 ಮೀಟರ್ ಎತ್ತರದ ತೆರೆ 5 ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್ ವೇಗ ಹುಟ್ಟಿಸುತ್ತದೆ. 0.2 ಮಿಲಿಮೀಟರ್ ದಪ್ಪದ ಹೊಯ್ಗೆ ಕದಲಲು 20 ಸೆಂಟಿಮೀಟರ್ ಧಾರಾಳ. ಅಂದರೆ ಸಾಧಾರಣ ತೆರೆಗೇ ತಳ ಕದಲುತ್ತದೆ. ವೇಗ ಇಮ್ಮಡಿಯಾದರೆ ತಳವನ್ನು ಉಜ್ಜುವ ಬಲ ಮೂರು-ನಾಲ್ಕು ಪಟ್ಟು ಏರುತ್ತದೆ. ಗೋಡೆಗೆ ತಾಗಿ ಹಿಂತಿರುಗುವ ನೀರು ಎದುರು ಬರುವ ತೆರೆಯೊಡನೆ ಸೇರಿ ಈ ಉಜ್ಜಾಟವನ್ನು ಹೆಚ್ಚಿಸುತ್ತದೆ. ಗೋಡೆ ಕಡಿದಾದಷ್ಟೂ ತೊಂದರೆ ಜಾಸ್ತಿ.

"ನಮ್ಮಲ್ಲಿ ಹೊಯ್ಗೆ ಹೋಗಿಲ್ಲ, ಜನವರಿಯಲ್ಲಿ ನೋಡಿದ್ದೇವೆ" ಎನ್ನುವವರಿದ್ದಾರೆ. ಮಳೆಗಾಲದ ತೆರೆ ಹೊಯ್ಗೆಯನ್ನು ಒಯ್ದು ಕಡಲೊಳಗೆ ದಿಬ್ಬ ಮಾಡುತ್ತದೆ. ಮಳೆ ಕಳೆದ ಮೇಲೆ ಸಣ್ಣ ತೆರೆಗಳು ಅದರಲ್ಲಿ ಬಹಳಷ್ಟನ್ನು ಮರಳಿ ತರುತ್ತವೆ. ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ಬಿದ್ದ ಹೊಂಡ ಜನವರಿಗೆ ತುಂಬಿರುತ್ತದೆ. ಹೊಂಡದ ಆಳ ತಿಳಿಯಲು ಮೇ ತಿಂಗಳಲ್ಲಿ ಬುಡದ ಹತ್ತಿರ 3 ಮೀಟರ್ ಉದ್ದದ ಕಬ್ಬಿಣದ ಸರಳು ನೆಟ್ಟು, ತುದಿ ಅರ್ಧ ಮೀಟರ್ ಮೇಲಿರಲಿ. ಸಡಿಲವಾದ ಕಬ್ಬಿಣದ ಬಳೆಯೊಂದನ್ನು ಅದಕ್ಕೆ ಇಳಿಬಿಡಿ. ತುದಿಯಿಂದ ಬಳೆಗೆ ಎಷ್ಟು ಅಂತರವೆಂದು ಬರೆದಿಟ್ಟುಕೊಳ್ಳಿ. ಹೊಯ್ಗೆ ಇಳಿದಂತೆ ಬಳೆಯೂ ಇಳಿಯುತ್ತದೆ. ಹೊಯ್ಗೆ ಮತ್ತೆ ಬಂದಾಗ ಬಳೆ ಅಡಿಯಲ್ಲೇ ಉಳಿಯುತ್ತದೆ. ನವೆಂಬರಿನಲ್ಲಿ ಅಗೆದು ಅಳೆದರೆ ಆ ಮಳೆಗಾಲ ಎಷ್ಟು ಆಳಕ್ಕೆ ಕೊರೆದಿತ್ತೆಂದು ಕಾಣುತ್ತದೆ. ಬಿರುಸಿನ ಮಳೆಗಾಲದಲ್ಲಿ ಸರಳೇ ಕಿತ್ತುಹೋಗುವುದುಂಟು. ಎರಡು-ಮೂರು ನೆಡುವುದು ಒಳ್ಳೆಯದು.

ಗೋಡೆಯ ಬುಡ ಆ ಆಳಕ್ಕಿಂತ ಕೆಳಗಿರಬೇಕು. ಅಳತೆ ಇಲ್ಲದಿದ್ದರೆ, ಗೋಡೆ ಮುಂದೆ ಬರುವ ದೊಡ್ಡ ತೆರೆಯ ಎತ್ತರದಷ್ಟು ಕೊರೆತವನ್ನು ಲೆಕ್ಕಕ್ಕೆ ಹಿಡಿಯುವ ರೂಢಿಯಿದೆ. ಅದು ಅಂದಾಜು ಮಾತ್ರ, ಜಾಗ ನೋಡದೆ ಒಪ್ಪಬೇಡಿ. ಅಷ್ಟು ಅಗೆಯಲಾಗದಲ್ಲಿ ಬುಡದ ಮುಂದೆ ಹೆಚ್ಚುವರಿ ಕಲ್ಲು ಹಾಸಬೇಕು. ಹೊಂಡ ಬಿದ್ದಾಗ ಅವು ಇಳಿದು ಅದನ್ನು ಮುಚ್ಚುತ್ತವೆ.

ಕಲ್ಲಿನಡಿ ಸೋಸುಬಟ್ಟೆಯನ್ನಂತೂ (ನೀರನ್ನು ಬಿಟ್ಟು ಹೊಯ್ಗೆಯನ್ನು ತಡೆಯುವ ಬಟ್ಟೆ) ಹಾಸದೆ ಬಿಡಲೇಬೇಡಿ. ತೆರೆ ಹಿಂದೆ ಸರಿದಾಗ ಗೋಡೆಯೊಳಗಿನ ನೀರು ಸಂದುಗಳಿಂದ ಹೊರನುಗ್ಗುತ್ತದೆ, ಹಿಂದಿನ ಹೊಯ್ಗೆಯನ್ನೂ ಎಳೆದೊಯ್ಯುತ್ತದೆ. ಅಂಗಳ ಒಳಗೊಳಗೇ ಪೊಳ್ಳಾಗುವುದು ಹೀಗೆ. ಬಟ್ಟೆಯ ತುಂಡುಗಳು ಒಂದರ ಮೇಲೊಂದು ಕನಿಷ್ಠ ಅರ್ಧ ಮೀಟರ್ ಬರಲಿ. ಅದರ ಮೇಲೆ ಮೊದಲು ಸಣ್ಣ ಕಲ್ಲು ಹರಡಿ, ಆಮೇಲೆ ಕಗ್ಗಲ್ಲನ್ನು ಎರಡು ಪದರ ಇಡಿ. ಲಾರಿಯಿಂದ ಕಗ್ಗಲ್ಲನ್ನು ನೇರ ಸುರಿದರೆ ಬಟ್ಟೆ ಹರಿಯುತ್ತದೆ.

ಗೋಡೆಯ ಎರಡು ತುದಿಗಳನ್ನೂ ನೆಲದ ಕಡೆಗೆ ಬಾಗಿಸಿ ಒಳಗೆ ಒಯ್ಯಿರಿ. ತುದಿಯಾಚೆಯ ಕೊರೆತ ಅಷ್ಟಕ್ಕೇ ನಿಲ್ಲುವುದಿಲ್ಲ, ಪಕ್ಕದ ಮನೆಯ ಅಂಗಳಕ್ಕೆ ಹೋಗುತ್ತದೆ. ಆದ್ದರಿಂದ ಕಲ್ಲು ತರಿಸುವ ಮೊದಲು ನೆರೆಯವರ ಜೊತೆ ಕೂತು ಮಾತಾಡಿ.